ಕಂಡದ್ದನ್ನೇ ಮತ್ತೆ ಕಂಡವರು

ಕಾಣದ್ದನ್ನು ಕಂಡಾಗ ಎಲ್ಲರೂ ಬೆರಗಾಗುತ್ತಾರೆ. ಹುಟ್ಟಿದಾಗಿನಿಂದ ಮನೆಯ ಮೂಲೆಯಲ್ಲಿ ಬಿದ್ದಿದ್ದ ಬೀಸುಕಲ್ಲಿನ ಮುಂದೆ ನಿಂತು ಬೆರಗಾಗುವುದು ಎಲ್ಲರಿಂದಲೂ ಆಗುವ ಮಾತಲ್ಲ. ಎಚ್.ಎಲ್. ನಾಗೇಗೌಡರಿಗೆ ಅದು ಹೇಗೆ ಸಾಧ್ಯವಾಯಿತು ಎಂದು ನಾನು ಆಗಾಗ ಯೋಚಿಸುತ್ತೇನೆ. ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹೋಗುವ ಹಾದಿಯಲ್ಲಿರುವ ಅವರು ಕಟ್ಟಿದ ಜಾನಪದ ಲೋಕ ಎಂಬ ವಸ್ತುಸಂಗ್ರಹಾಲಯದೊಳಗೆ ಕಾಲಿಟ್ಟರಂತೂ ಬೇರೆ ಯೋಚನೆಯೇ ಬರುವುದಿಲ್ಲ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದವರು ಅವರು. ಹೊಲ, ಕಣ, ಜಾತ್ರೆ, ಸೋಬಾನೆ ಇವೆಲ್ಲ ಅವರಿಗೆ ಉಸಿರಾಟದಷ್ಟು ಸಹಜವಾಗಿದ್ದವು. ಉಸಿರಾಟವನ್ನು ಯಾರು ಗಮನಿಸುತ್ತಾರೆ? ಆಮೇಲೆ ಐಎಎಸ್ ಅಧಿಕಾರಿಯಾದರು. ದೊಡ್ಡ ಸಾಹೇಬರು ಊರಿಗೆ ಬಂದರೆ ಕಂದಾಯದ ಲೆಕ್ಕ, ಜಮೀನಿನ ತಕರಾರು, ಒಂದಿಷ್ಟು ಅರ್ಜಿ, ಅಲ್ಲಿಗೆ ಮುಗಿಯಿತು. ಇವರು ಹಾಡುವವರನ್ನು ಹುಡುಕಿ ಕೂರಿಸಿಕೊಂಡು ಹಾಡು ಕೇಳಿದರು, ಬರೆದುಕೊಂಡರು, ಟೇಪಿಗೆ ಹಿಡಿದರು.

ನನಗೊಂದು ಊಹೆ ಇದೆ. ಹೊರನಾಡುಗಳಿಂದ ಬಂದ ಯಾತ್ರಿಕರು ನಮ್ಮ ದೇಶದ ಬಗ್ಗೆ ಬರೆದಿಟ್ಟದ್ದನ್ನು ಅವರು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ನಮ್ಮವರಿಗೆ ಬರೆಯುವಂಥದ್ದೆಂದು ಅನ್ನಿಸದ ಸಂಗತಿಯನ್ನು ದೂರದಿಂದ ಬಂದವನು ನಿಂತು ನೋಡಿ, ಅಚ್ಚರಿಪಟ್ಟು, ದಾಖಲಿಸಿ ಹೋಗಿದ್ದಾನೆ. ಅಂಥ ಪುಟಗಳ ನಡುವೆ ವರ್ಷಗಟ್ಟಲೆ ಬದುಕಿದವರು ಅದೇ ಪ್ರವಾಸಿಯ ಕಣ್ಣಿನಿಂದ ಸ್ವಂತ ಊರನ್ನು ನೋಡಿರಬೇಕು. ವ್ಯತ್ಯಾಸವೆಂದರೆ, ಪ್ರವಾಸಿ ಹೊರಟುಹೋಗುತ್ತಾನೆ. ಗೌಡರು ಹೋಗಲಿಲ್ಲ.

ಬೀಸುಕಲ್ಲಿನ ಮಾತಿಗೇ ಬರುತ್ತೇನೆ. ಎರಡು ದುಂಡು ಕಲ್ಲು, ಮೇಲಿನದಕ್ಕೊಂದು ಮರದ ಗೂಟ, ನಡುವೆ ಕಾಳು ಸುರಿಯುವ ಬಾಯಿ. ಬೆಳಗಿನ ಜಾವ ಅದರ ಮುಂದೆ ಕೂತ ಹೆಂಗಸು ಒಂದು ಕೈಯಿಂದ ಹಿಡಿ ರಾಗಿ ಹಾಕುತ್ತ ಇನ್ನೊಂದರಿಂದ ತಿರುಗಿಸುತ್ತಿದ್ದಳು. ಕಲ್ಲಿನ ಸುತ್ತಿಗೆ ಹೊಂದಿಕೊಂಡು ತ್ರಿಪದಿ ಹರಿಯುತ್ತಿತ್ತು. ಸಾಲು ಎಲ್ಲಿ ನಿಲ್ಲಬೇಕು, ಎಲ್ಲಿ ಮರುಕಳಿಸಬೇಕು ಎಂಬುದನ್ನು ಛಂದಸ್ಸಿನ ಪುಸ್ತಕವಲ್ಲ, ಅವಳ ಭುಜ ತೀರ್ಮಾನಿಸುತ್ತಿತ್ತು. ತವರಿನ ನೆನಪು, ಅತ್ತೆಯ ಮನೆಯ ಸಂಕಟ, ಅಣ್ಣನ ಮೇಲಿನ ಅಕ್ಕರೆ, ಎಲ್ಲವೂ ಹಿಟ್ಟಿನ ಜೊತೆಗೇ ಹೊರಬಂದವು. ಆ ತೋಳುಗಳಿಗೆ ಆಗುತ್ತಿದ್ದ ನೋವನ್ನು ಮರೆತು ಹಾಡನ್ನಷ್ಟೇ ಕೊಂಡಾಡುವುದು ನನಗೆ ಸರಿಕಾಣದು. ಊರಿಗೆ ಹಿಟ್ಟಿನ ಗಿರಣಿ ಬಂದದ್ದು ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಬಿಡುಗಡೆ. ಕಲ್ಲು ಹಿತ್ತಿಲು ಸೇರಿತು, ಸೇರಲಿ. ಆದರೆ ಕಲ್ಲಿನ ಜೊತೆ ಹಾಡೂ ಹಿತ್ತಿಲು ಸೇರಿದ್ದನ್ನು ಎಷ್ಟು ಜನ ಗಮನಿಸಿದರು? ಗೌಡರು ಕಲ್ಲನ್ನೂ ತಂದರು, ಹಾಡನ್ನೂ ತಂದರು. ಬರೀ ವಸ್ತು ಕೂಡಿಹಾಕುವವರಿಗೂ ಅವರಿಗೂ ಇರುವ ದೂರ ಇದೇ.

ಜಾನಪದ ಲೋಕದ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಸಾಮಾನುಗಳಿವೆ. ಆಯಗಾರರ ಮಾಳದಲ್ಲಿ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆದು ಊರನ್ನು ನಡೆಸಿದವರ ಕಸುಬಿನ ಸಲಕರಣೆಗಳಿವೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಲೋಕಮಹಲಿನ ತೊಗಲು ಗೊಂಬೆಗಳ ಮುಂದೆ. ಹಗಲಿನಲ್ಲಿ ನೋಡಿದರೆ ಅವು ಮಂಕಾಗಿ ಕಾಣುತ್ತವೆ. ಹತ್ತಿರ ಹೋದರೆ ಕಿರೀಟ, ಕೊರಳ ಹಾರ, ಸೀರೆಯ ಅಂಚಿನ ತುಂಬ ಸಣ್ಣ ಸಣ್ಣ ತೂತುಗಳು. ಬೆಳಕು ಹಾಯುವಷ್ಟು ತೆಳುವಾಗುವ ತನಕ ತೊಗಲನ್ನು ಹೆರೆದು, ಬಣ್ಣ ಹಚ್ಚಿ, ಒಂದೊಂದೇ ತೂತು ಕೊರೆದವನಿಗೆ ಗೊತ್ತಿತ್ತು: ರಾತ್ರಿ ಪರದೆಯ ಹಿಂದೆ ದೀಪ ಹಚ್ಚಿದಾಗ ಈ ತೂತೇ ಮುತ್ತು, ಇದೇ ರತ್ನ. ಇನ್ನೂ ಹಚ್ಚದ ದೀಪವನ್ನು ಮನಸ್ಸಿನಲ್ಲಿ ಹಚ್ಚಿಕೊಂಡು ಮಾಡಿದ ಕೆಲಸ ಅದು. ಹಾಗೆ ಮಾಡಿದವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಹಂಪಿಯನ್ನೋ ಬೇಲೂರನ್ನೋ ನೋಡಿ ತಲೆಬಾಗುವ ನಾವು ಈ ಕೈಗಳಿಗೂ ಅಷ್ಟೇ ತಲೆಬಾಗಬೇಕು ಎಂದು ಗಟ್ಟಿಯಾಗಿ ನಂಬಿ, ನಂಬಿದ್ದಕ್ಕೆ ಹದಿನೈದು ಎಕರೆಯಲ್ಲಿ ಮನೆ ಕಟ್ಟಿದವರು ಗೌಡರು.

ಅದೂ ಯಾವ ವಯಸ್ಸಿನಲ್ಲಿ! ಅವರು ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತು ಶುರುವಾದದ್ದು 1979ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. ಜಾನಪದ ಲೋಕ ಬಾಗಿಲು ತೆರೆದ 1994ರಲ್ಲಿ ಅವರು ಎಂಬತ್ತರ ಹೊಸ್ತಿಲಲ್ಲಿದ್ದರು. ಮರುವರ್ಷ ಮುಧೋಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಾದಂಬರಿಯನ್ನೂ ಬರೆದವರು. ಪುಸ್ತಕದಲ್ಲೇ ಇದ್ದುಬಿಟ್ಟಿದ್ದರೂ ಅವರ ಹೆಸರು ಉಳಿಯುತ್ತಿತ್ತು. ವಯಸ್ಸಾದಂತೆ ಮನುಷ್ಯನಿಗೆ ಎಲ್ಲ ಗೊತ್ತಾಗಿಬಿಟ್ಟಿದೆ ಅನ್ನಿಸತೊಡಗುತ್ತದೆ, ಅಚ್ಚರಿ ಬತ್ತುತ್ತದೆ. ಅವರಲ್ಲಿ ಅದು ಬತ್ತಲಿಲ್ಲ ಎನ್ನುವುದಕ್ಕೆ ಆ ಜಾಗವೇ ಸಾಕ್ಷಿ. 2005ರಲ್ಲಿ ಅವರು ತೀರಿಕೊಂಡರು. ಜಾನಪದ ಲೋಕದ ಲೋಕೋತ್ಸವ ಎಂಬ ಹಬ್ಬಕ್ಕೆ ಕಲಾವಿದರು ಈಗಲೂ ಬರುತ್ತಾರೆ. ಡೊಳ್ಳು, ತಮಟೆ, ಕಂಸಾಳೆ ಹೊತ್ತು, ತಮ್ಮ ಊರುಗಳಲ್ಲಿ ಕೇಳುವವರು ಕಡಿಮೆಯಾಗುತ್ತಿದ್ದರೂ ಬರುತ್ತಾರೆ.