ರುಚಿ ನೋಡುವವರು

ಕಳೆದ ಮೇ ತಿಂಗಳಲ್ಲಿ ಮುಂಬಯಿಯಿಂದ ಕುಂದಾಪುರಕ್ಕೆ ಕಾರಿನಲ್ಲೇ ಹೋದೆವು. ಯಾವಾಗಲೂ ರೈಲು, ಒಂದು ರಾತ್ರಿ ಮಲಗಿ ಎದ್ದರೆ ಊರು. ಈ ಸಲ ಮಕ್ಕಳ ಹಟ. ಪನವೇಲಿನಲ್ಲಿ ಹೆದ್ದಾರಿ 66 ಹಿಡಿಯಬೇಕು, ಬೇಕೆಂದಲ್ಲಿ ಕಡಲ ಕಡೆ ತಿರುಗಬೇಕು, ಆಯಾ ಊರಿನದನ್ನು ತಿನ್ನುತ್ತ ಹೋಗಬೇಕು. ಅದನ್ನು ಹೆದ್ದಾರಿ 17 ಎನ್ನುತ್ತಿದ್ದ ಕಾಲದಿಂದಲೂ ಆ ದಾರಿ ನನಗೆ ಗೊತ್ತು. ತಿನ್ನುವುದಕ್ಕೆಂದೇ ನಿಂತದ್ದು ಮಾತ್ರ ಇದೇ ಮೊದಲು.

ಮಾಲವಣದಲ್ಲಿ ಒಂದು ಮನೆಯ ಜಗಲಿಯಲ್ಲೇ ಖಾನಾವಳಿ. ನಾವು ನಾಲ್ವರು, ಹೇಳಿದ್ದು ಆರು ಬಗೆ. ಸುರಮಯಿ, ಬಂಗಡೆ, ಸಿಗಡಿ, ಎಲ್ಲವೂ ರುಚಿ ನೋಡಲಿಕ್ಕೆ. ಸೋಲ್‌ಕಢಿಯನ್ನು ಮಕ್ಕಳು ಒಂದು ಗುಟುಕಿಗೇ ಬಿಟ್ಟರು. ನಮ್ಮ ಮುರುಗಲಿಗೆ ತೆಂಗಿನ ಹಾಲು ಬೆರೆಸಿದ್ದಷ್ಟೇ ಎಂದರೂ ಕೇಳಲಿಲ್ಲ. ಸಂಜೆಗೆ ಗೋವಾದಲ್ಲಿ ಇನ್ನೊಂದು ಜಾಗ ಗುರುತು ಮಾಡಿಟ್ಟಿದ್ದರು, ಹೊಟ್ಟೆ ಉಳಿಸಿಕೊಳ್ಳಬೇಕಿತ್ತು. ತಟ್ಟೆ ಎತ್ತಲು ಬಂದ ಹೆಂಗಸು ಉಳಿದ ಮೀನು ನೋಡಿ, "ಆವಡಲಂ ನಾಹೀ ಕಾ?" ಎಂದರು. ಅದು ದೂರಾಗಿರಲಿಲ್ಲ, ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. ಏನೋ ತೊದಲಿ, ದುಡ್ಡು ಕೊಟ್ಟು ಎದ್ದೆವು.

ಕಾರಿನಲ್ಲಿ ನಾನು ಸುಮ್ಮನಿದ್ದುದನ್ನು ಕಂಡು ಮಗ ಹೇಳಿದ: "ಅಪ್ಪ, ದುಡ್ಡು ಕೊಟ್ಟಿದ್ದೀವಲ್ಲ. ಬಿಟ್ಟಿದ್ದೂ ನಮ್ಮದೇ."

ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ನಮ್ಮಂಥವರ ದುಡ್ಡಿನಿಂದಲೇ ಆ ಒಲೆ ಉರಿಯುತ್ತದೆ. ಎಲ್ಲರೂ ಹಸಿದಷ್ಟೇ ಹೇಳಿದರೆ ಆಕೆಯ ವ್ಯಾಪಾರವೂ ಅಷ್ಟಕ್ಕೇ ನಿಲ್ಲುತ್ತದೆ. ಆದರೂ ದುಡ್ಡು ಮೀನಿಗೆ ಸಂದಿತು, ಆಕೆಯ ಪ್ರಶ್ನೆಗೆ ಸಲ್ಲಲಿಲ್ಲ. ನನ್ನ ಅಪ್ಪಯ್ಯ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ತಿರುಗಿ ಬಂದ ತಟ್ಟೆ ನೋಡಿದರೆ ಸಾಕು, ಕೂತವನು ಎಂಥವನೆಂದು ತಿಳಿಯುತ್ತದೆ ಎನ್ನುತ್ತಿದ್ದರು. ಹಸಿದು ಉಣ್ಣುವವನಿಗೆ ಬಡಿಸಿದವರ ಹಂಗು ಇರುತ್ತದೆ. ರುಚಿ ನೋಡುವವನಿಗೆ ಅದಿಲ್ಲ. ಅವನು ತೀರ್ಪು ಕೊಡಲು ಕೂತವನು. ಒಂದೇ ಎಲೆ, ಒಂದೇ ಅನ್ನ, ಆದರೆ ಕೂತ ಜಾಗ ಬೇರೆ.

ಅಂಥ ತೀರ್ಪುಗಾರನಾಗಿಯೇ ನಾನು ಊರಿನ ಮನೆಗೂ ಹೋಗಿದ್ದೆ ಎಂಬುದು ಮರುದಿನ ತಿಳಿಯಿತು. ಬರುವ ಮೊದಲೇ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದ್ದೆ: ಮಸಾಲೆ ಕಲ್ಲಿನಲ್ಲೇ ಅರೆದದ್ದಾಗಬೇಕು, ಆ ಹಳೇ ರುಚಿ ಬೇಕು ಎಂದು. ಅಂಜಲ್ ಸಾರು ಆಗಿತ್ತು, ಹಾಗೇ ಆಗಿತ್ತು. ಬಡಿಸುವಾಗ ಚಿಕ್ಕಮ್ಮ ಬಲಗೈ ಭುಜವನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದರು. ಮಿಕ್ಸಿ ಅಡುಗೆಮನೆಯಲ್ಲೇ ಇತ್ತು. ನೀವೂ ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಆಮೇಲೆ ಒಳಗೆ ಹೋಗಿ ನೋಡಿದರೆ ಒಣಮೀನು ಸುಟ್ಟುಕೊಂಡು ಗಂಜಿ ಉಣ್ಣುತ್ತಿದ್ದರು.

"ಒಳ್ಳೆ ಮೀನೆಲ್ಲ ಪ್ಯಾಟಿಗ್ ಹೋತ್ ಮಗಾ. ನೀವ್ ಬಪ್ಪುದಂದೇಳಿ ತಂದದ್."

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನಿಗೂ ಮರಿ ಮಾಡಲು ಕಾಲ ಬೇಕೆಂದು ಹಾಕಿದ ನಿಯಮ. ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನನ್ನು ಚಿಕ್ಕಮ್ಮ ಮೇ ತಿಂಗಳಲ್ಲೇ ತೆಗೆದಿದ್ದರು.

ಊರು ಬಿಟ್ಟವರು ನಾವು. ನಾವು ಕುಕ್ಕರಿಗೆ, ಮಿಕ್ಸಿಗೆ, ಮನೆಬಾಗಿಲಿಗೆ ಬರುವ ಊಟಕ್ಕೆ ಬದಲಾದೆವು. ಅದರಲ್ಲಿ ತಪ್ಪೇನಿಲ್ಲ. ಆದರೆ ಊರಲ್ಲಿ ಉಳಿದವರು ಮಾತ್ರ ನಮ್ಮ ನಾಲಿಗೆಯ ನೆನಪಿಗಾಗಿ ಬದಲಾಗದೆ ಇರಬೇಕು ಎಂದು ಬಯಸುತ್ತೇವೆ. ಅದನ್ನು ಊರಿನ ಮೇಲಿನ ಪ್ರೀತಿ ಎಂದೂ ಕರೆಯುತ್ತೇವೆ. ನಮ್ಮ ಹಂಬಲ ಸುಳ್ಳಲ್ಲ. ಅದರ ಖರ್ಚು ಬೇರೆಯವರ ಭುಜದ ಮೇಲೆ ಬೀಳುತ್ತದೆ ಎಂಬುದನ್ನು ನಾವು ನೋಡುವುದಿಲ್ಲ, ಅಷ್ಟೆ. ಮಾಲವಣದ ಹೆಂಗಸಿಗೆ ಬೆಲೆಯಾದರೂ ಸಿಕ್ಕಿತ್ತು. ಚಿಕ್ಕಮ್ಮನಿಗೆ ಕೊಡಲು ಹೋದರೆ ಅದು ಅವಮಾನ.

ಮರುದಿನ ಬೆಳಿಗ್ಗೆ ನಮಗೂ ಗಂಜಿಯೇ ಬೇಕೆಂದೆ. ಚಿಕ್ಕಮ್ಮ ಒಪ್ಪಲಿಲ್ಲ, ಬೈದರು, ಕೊನೆಗೆ ಬಡಿಸಿದರು. ಮಿಡಿ ಉಪ್ಪಿನಕಾಯಿ, ಒಣಮೀನು. ಅವರನ್ನೂ ಜೊತೆಗೆ ಕೂರಿಸಿಕೊಂಡೆವು. ಯಾರ ತಟ್ಟೆಯಲ್ಲೂ ಏನೂ ಉಳಿಯಲಿಲ್ಲ.

ಮಗಳು ಗಂಜಿಯ ಫೋಟೋ ತೆಗೆಯಲು ಫೋನು ಎತ್ತಿದವಳು ನನ್ನ ಮುಖ ನೋಡಿ ಕೆಳಗಿಟ್ಟಳು. ನಾನೇನೂ ಹೇಳಿರಲಿಲ್ಲ. ಆ ಗಂಜಿಯನ್ನು ನಾನು ಉಂಡೆನೋ, ಅದರ ರುಚಿಯನ್ನೂ ನೋಡಿದೆನೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.