ಔತಣದಿಂದ ತೀರದ ಋಣ

ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಅಮೆರಿಕದಲ್ಲೂ ಕೊಲ್ಲಿ ದೇಶಗಳಲ್ಲೂ ವರ್ಷಕ್ಕೊಮ್ಮೆ ಅಕ್ಟೋಬರ್ 17ರ ಆಸುಪಾಸಿನಲ್ಲಿ ಸೇರುತ್ತಾರೆ. 1817ರ ಆ ದಿನ ಹುಟ್ಟಿದ, ವಿದ್ಯಾಲಯದ ಸ್ಥಾಪಕ ಸರ್ ಸಯ್ಯದ್ ಅಹಮದ್ ಖಾನರ ನೆನಪಿಗೆ ಔತಣ, ಮುಷಾಯಿರಾ ಎಂಬ ಕವಿಗೋಷ್ಠಿ, ವಿದ್ಯಾಲಯದ ಗೀತೆ ನಡೆಯುತ್ತವೆ. ಇಷ್ಟರಿಂದ ವಿದ್ಯೆಯ ಋಣ ತೀರುವುದೇ? ತೀರದು ಎಂದೇ ನನ್ನ ನಂಬಿಕೆ. ವೈದಿಕ ಪರಂಪರೆಯಲ್ಲಿ ಋಷಿಋಣ ತೀರುವುದು ಅಧ್ಯಯನದಿಂದ. ಇಸ್ಲಾಮಿನಲ್ಲಿ ಪರರಿಗೆ ಉಪಕಾರವಾಗುವ ಜ್ಞಾನದ ಪುಣ್ಯ ಸಾವಿನಾಚೆಗೂ ಹರಿಯುತ್ತದೆ. ಎರಡೂ ವಿದ್ಯೆಯನ್ನು ಮುಂದಕ್ಕೆ ಸಾಗಬೇಕಾದ ಹೊಣೆಯಾಗಿ ಕಾಣುತ್ತವೆ. ಚಂದಾ ಎತ್ತಿ, ಮುಂದೆ ಈ ವಿಶ್ವವಿದ್ಯಾಲಯವಾದ ಕಾಲೇಜನ್ನು ಕಟ್ಟಿದ ಸಯ್ಯದರ ಬದುಕೂ ಅದಕ್ಕೆ ಸಾಕ್ಷಿ.

ಪರದೇಶದ ಒಂಟಿತನದಲ್ಲಿ ಸಹವಾಸವೇ ದೊಡ್ಡ ಆಸರೆಯಲ್ಲವೇ ಎಂದು ಕೇಳಬಹುದು. ಮಾತು ನ್ಯಾಯವಾದದ್ದೇ, ಆ ಸುಖ ಕೀಳಲ್ಲ. ಆದರೆ ಸುಖಕ್ಕಾಗಿ ಕೂಡಿದ ಗೆಳೆತನ ಸುಖದೊಡನೆ ಮುಗಿಯುತ್ತದೆ, ಒಳಿತಿಗಾಗಿ ಕೂಡಿದ್ದು ಬಾಳುತ್ತದೆ ಎಂಬ ಅರಿಸ್ಟಾಟಲನ ವಿಚಾರ ಇಲ್ಲಿ ಸಲ್ಲುತ್ತದೆ. ಹೀಗೆ ಒಳಿತಿಗಾಗಿ ಕೊಡುವ ದಾನವೂ ಪ್ರತಿಷ್ಠೆಯ ಪ್ರದರ್ಶನವಾಗಬಹುದು ಎಂಬ ಆಕ್ಷೇಪವೂ ಉಂಟು. ಕೊಡುವವನ ಅಹಂಕಾರ ತಪ್ಪೇ; ಆದರೂ ಅದರಿಂದ ಬಡ ಹುಡುಗಿಯ ಶುಲ್ಕ ಕಟ್ಟುವ ಹೊಣೆ ರದ್ದಾಗದು. ಅಲಿಗಢದವರಿರಲಿ, ಧಾರವಾಡ, ಮೈಸೂರಿನವರಿರಲಿ, ವಿದೇಶದಲ್ಲಿ ಕೂಡುವ ಪ್ರತಿಯೊಂದು ಸಂಘವೂ ಪ್ರತಿವರ್ಷ ಒಬ್ಬ ವಿದ್ಯಾರ್ಥಿಯನ್ನಾದರೂ ಓದಿಸಲಿ.