ಪಾತ್ರತೆಯೂ ಅವಧಿಯೂ

ಕಷ್ಟದಲ್ಲಿರುವವನಿಗೆ ನೆರವಾಗತಕ್ಕದ್ದು ಧರ್ಮವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ವಿವಾದವು ಹುಟ್ಟುವುದು ಅದರ ಮುಂದಿನ ಎರಡು ಪ್ರಶ್ನೆಗಳಲ್ಲಿ: ನೆರವಿಗೆ ಪಾತ್ರನು ಯಾರು? ಅದು ನಿಂತ ಮರುದಿನ ಅವನ ಗತಿಯೇನು? ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಹೇಳಿದ ಪೂರ್ವಿಕರು ಮೊದಲನೆಯದನ್ನು ವಿಸ್ತಾರವಾಗಿ ವಿಚಾರ ಮಾಡಿದರು. ಎರಡನೆಯದನ್ನು ಬಹುಮಟ್ಟಿಗೆ ಪಡೆದವನ ಪಾಲಿಗೇ ಬಿಟ್ಟರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಈ ಪ್ರಶ್ನೆಗಳು ಹೊಸವಲ್ಲ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ, ಈ ಪ್ರದೇಶವು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಾಗ, ಪಾತ್ರತೆಯನ್ನು ದೇಹಶ್ರಮದಿಂದ ಅಳೆದರು. ಜಲ್ಲಿ ಒಡೆಯಲು, ಮಣ್ಣು ಹೊರಲು ಬಂದವನೇ ನಿಜವಾಗಿ ಹಸಿದವನೆಂದು ಲೆಕ್ಕ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಇಳಿಸಿದ ಕೂಲಿಯು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅರ್ಧ ಆಣೆ. ಆಧಿಪತ್ಯದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದು ಜೀವ ಹಿಡಿಯಲು ಸಾಲದೆಂದು ಪಟ್ಟುಹಿಡಿದು ವಾದಿಸಿದರು. ಕೆಲವೇ ತಿಂಗಳಲ್ಲಿ ಅದನ್ನು ಏರಿಸಬೇಕಾಯಿತು. ಇಂತಹ ಕೂಲಿಯಲ್ಲಿ ನಾಳೆಗೆ ಉಳಿಸಿಡು ಎನ್ನುವುದು ಹಾಸ್ಯವೇ ಸರಿ. ಮಳೆ ಬಂದು ಕಾಮಗಾರಿ ನಿಂತಾಗ ಮನೆಗೆ ಹೊರಟ ಒಕ್ಕಲಿಗನಿಗೆ ಎತ್ತೂ ಇಲ್ಲ, ಬೀಜವೂ ಇಲ್ಲ. ಆಗ ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಯಿಂದ ಬಂದ ಹಣವನ್ನು ಬೀಜಕ್ಕೆ, ಉಳುವ ಎತ್ತಿಗೆ, ಬಿದ್ದ ಮನೆಗೆ ಎಂದು ರೈತರಿಗೆ ಹಂಚಿದರು. ನೆರವು ನಿಂತ ಮರುದಿನವನ್ನು ಎಣಿಸಿ ಕೊಟ್ಟ ಹಣವದು.

ಇಂದಿನ ಪರೀಕ್ಷೆ ಬೇರೆ ಬಗೆಯದು. ಕರ್ನಾಟಕ ಸರ್ಕಾರದ ಯುವನಿಧಿಯ ಮೊದಲ ಕಂತು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಬಿಡುಗಡೆಯಾಯಿತು. ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವನಿಗೆ 1,500. ಹೆಚ್ಚೆಂದರೆ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕೆಲಸ ದೊರೆಯದೆ ಇದ್ದವನು ಅರ್ಹನು. ತಾನಿನ್ನೂ ನಿರುದ್ಯೋಗಿಯೆಂದು ಅವನೇ ಆಗಾಗ ಘೋಷಿಸಬೇಕು. ಮುಂದಿನ ವ್ಯಾಸಂಗಕ್ಕೆ ಸೇರಿದವನೂ, ಸಾಲ ಪಡೆದು ಸ್ವಂತ ಉದ್ಯೋಗ ಹೂಡಿದವನೂ ಅನರ್ಹರು. ಅಂದು ದುಡಿದು ತೋರಿಸಿದವನು ಪಾತ್ರ. ಇಂದು ದುಡಿಯದಿರುವುದನ್ನು ತೋರಿಸಿದವನು ಪಾತ್ರ!

ಪಡೆಯುವವನು ಮುಂದಾಲೋಚನೆ ಮಾಡಬೇಕೆಂದು ಹಿರಿಯರು ಬುದ್ಧಿ ಹೇಳುವುದುಂಟು. ಆದರೆ ಮುಂದಾಲೋಚನೆಯೆಂದರೆ ಏನು? ಇನ್ನೊಂದು ವಿದ್ಯೆ ಕಲಿಯುವುದು, ಇಲ್ಲವೆ ಚಿಕ್ಕ ಅಂಗಡಿ ಹಾಕುವುದು. ಎರಡರಲ್ಲಿ ಯಾವುದನ್ನು ಮಾಡಿದರೂ ನೆರವು ತಪ್ಪುವ ಭಯ. ಬೀಜವನ್ನು ಬಿತ್ತಿದವನಿಗೆ ಕಾಳಿಲ್ಲವೆಂದಂತಾಯಿತು. ಮಳೆಯನ್ನೇ ನಂಬಿದ ಈ ನಾಡಿನಲ್ಲಿ ಉದ್ಯೋಗ, ನಿರುದ್ಯೋಗಗಳ ನಡುವೆ ಗೆರೆ ಎಳೆಯುವುದೂ ಸುಲಭವಲ್ಲ. ಶೇಂಗಾ ಕೀಳುವ ಹದಿನೈದು ದಿನ ತಂದೆಯ ಹೊಲದಲ್ಲಿ ದುಡಿದ ಪದವೀಧರನು ಉದ್ಯೋಗಿಯೋ, ನಿರುದ್ಯೋಗಿಯೋ?

ಹಾಗೆಂದು ಸುಳ್ಳು ಘೋಷಣೆ ಕ್ಷಮ್ಯವೆನ್ನಲಾಗದು. ನಿಯಮವು ಒರಟಾಗಿದೆಯೆಂಬ ಕಾರಣದಿಂದ ಅಸತ್ಯವು ಸತ್ಯವಾಗುವುದಿಲ್ಲ. ಪಗಾರದ ಕೆಲಸ ಸಿಕ್ಕಮೇಲೂ ಹಣ ಪಡೆಯುವವನು ಮತ್ತೊಬ್ಬನ ಪಾಲನ್ನು ಉಣ್ಣುತ್ತಾನೆ. ಆದರೆ ಸತ್ಯ ನುಡಿದವನಿಗೆ ನಷ್ಟವಾಗುವಂತೆ ನಿಯಮ ಕಟ್ಟಿದವರ ಮೇಲೂ ಆ ದೋಷದ ಒಂದಂಶವಿದೆ. 2005ರ ಉದ್ಯೋಗ ಖಾತರಿ ಶಾಸನವು ಈ ವಿಷಯದಲ್ಲಿ ಹೆಚ್ಚು ನ್ಯಾಯವಾದ ಮಾರ್ಗ ಹಿಡಿದಿತ್ತು. ಕೆಲಸ ಬೇಡಿದವನಿಗೆ 15 ದಿನಗಳೊಳಗೆ ಕೆಲಸ ಕೊಡಬೇಕು, ಕೊಡಲಾಗದಿದ್ದರೆ ಭತ್ಯೆ ಎಂದು ಅದು ವಿಧಿಸಿತ್ತು. ಆಚರಣೆಯಲ್ಲಿ ಭತ್ಯೆ ಕೈಸೇರುವುದು ವಿರಳವಾಗಿದ್ದರೂ ತತ್ತ್ವ ಸರಿಯಾದದ್ದು: ಪಾತ್ರತೆಗೆ ಸಾಕ್ಷಿ ಆಲಸ್ಯವಲ್ಲ, ಕೆಲಸದ ಅಪೇಕ್ಷೆ.

ಗೃಹಸ್ಥರಿಗೂ ಒಂದು ಮಾತು ಸಲ್ಲುತ್ತದೆ. ಎರಡು ವರ್ಷಕ್ಕೆ ಪದವೀಧರನಿಗೆ ದೊರೆಯುವ ಮೊತ್ತವು ಒಟ್ಟು 72,000 ರೂಪಾಯಿ. ಬಡ ಮನೆಯಲ್ಲಿ ಅದು ಕಿರಾಣಿಗೆ, ಔಷಧಕ್ಕೆ, ಹಳೆಯ ಸಾಲದ ಬಡ್ಡಿಗೆ ಹೋಗುವುದು ಸಹಜ. ಹಸಿವಿನ ಮುಂದೆ ಉಳಿತಾಯದ ಉಪದೇಶ ನಡೆಯದು. ಎರಡು ಹೊತ್ತಿನ ಊಟಕ್ಕೆ ಕೊರತೆಯಿಲ್ಲದ ಮನೆಯಲ್ಲಿಯೂ ಮಗನ ಹಣವನ್ನು ಪೂರ್ತಿಯಾಗಿ ಮನೆಖರ್ಚಿಗೆ ತೆಗೆದುಕೊಂಡು, ಇಪ್ಪತ್ತೈದನೆಯ ತಿಂಗಳು ‘ಮುಂದೇನು ಮಾಡುತ್ತೀಯಪ್ಪಾ?’ ಎಂದು ಕೇಳುವ ತಂದೆಗೆ ಏನು ಹೇಳೋಣ? ಆ ಪ್ರಶ್ನೆಯನ್ನು ಮೊದಲನೆಯ ಕಂತು ಬಂದ ದಿನವೇ ಇಬ್ಬರೂ ಕುಳಿತು ಕೇಳಿಕೊಳ್ಳಬೇಕಾಗಿತ್ತು. ಮೊದಲ ತಂಡದವರ ಎರಡು ವರ್ಷ 2026ರ ಆರಂಭಕ್ಕೇ ತುಂಬುವ ಲೆಕ್ಕ. ಅವರ ಹಿಂದೆ ಬಂದವರ ಮನೆಗಳಲ್ಲಿ ಇನ್ನೂ ಕೆಲವು ತಿಂಗಳು ಕೈಯಲ್ಲಿವೆ.